ಹಾಡು ಬರುತ್ತದೆ, ಮಾತು ಬರುವುದಿಲ್ಲ: ಸಂಗೀತದ ಪಾಠ ನೆರವಾದೀತೇ?

ಪ್ರಶ್ನೆ: ನಾವು ಧಾರವಾಡದವರು. ಮಗನಿಗೆ ನಾಲ್ಕು ವರ್ಷ ಮೂರು ತಿಂಗಳು. ಮಾತು ತಡವಾಗಿ ಬಂತು. ಈಗಲೂ ಎರಡು ಮೂರು ಪದ ಜೋಡಿಸುತ್ತಾನೆ, ಅಷ್ಟೇ. ‘ಅಜ್ಜಿ ಮನಿ ಹೋಗು’ ಎಂದರೆ ಅಜ್ಜಿಯ ಮನೆಗೆ ಹೋಗೋಣ ಎಂದೋ, ಅಜ್ಜಿ ಮನೆಗೆ ಹೋದಳು ಎಂದೋ ನಾವೇ ಊಹಿಸಬೇಕು. ಹೊರಗಿನವರಿಗೆ ಅವನ ಮಾತು ಅರ್ಧವೂ ತಿಳಿಯುವುದಿಲ್ಲ. ಆದರೆ ಶಾಲೆಯ ಹಾಡುಗಳನ್ನೂ ಟಿವಿ ಜಾಹೀರಾತುಗಳ ಧಾಟಿಯನ್ನೂ ತಪ್ಪಿಲ್ಲದೆ ಗುನುಗುತ್ತಾನೆ. ನಮ್ಮ ಓಣಿಯಲ್ಲಿ ಹಿಂದುಸ್ತಾನಿ ಗಾಯನ ಕಲಿಸುವ ಗುರುಗಳಿದ್ದಾರೆ. ಅವರಲ್ಲಿಗೆ ಕಳಿಸಿದರೆ ಮಾತು ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ಚಿಂತೆ ಬೇಡ ಎನ್ನುತ್ತಾರೆ ಅತ್ತೆಯವರು. ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷ್ ಮಾತ್ರ ಆಡಿರಿ ಎನ್ನುತ್ತಾರೆ ಶಾಲೆಯವರು. ನಾನು ಏನು ಮಾಡಲಿ?

ಉತ್ತರ: ಸಂಗೀತದಿಂದ ನಿಮ್ಮ ಮಗನ ಭಾಷೆಗೆ ನೆರವು ಸಿಗುವ ಸಾಧ್ಯತೆ ಖಂಡಿತ ಇದೆ. ಆದರೆ ಆ ನೆರವು ನೀವು ಅಂದುಕೊಂಡಿರುವ ಕಡೆಯಿಂದ, ಅಂದರೆ ಸಂಗೀತದ ಪಾಠಶಾಲೆಯಿಂದ ಮೊದಲಿಗೆ ಬರುವುದಿಲ್ಲ. ಅದು ನಿಮ್ಮ ಅಡುಗೆಮನೆಯಿಂದ, ನೀವೇ ಕಟ್ಟಿ ಹಾಡುವ ನಾಲ್ಕು ಸಾಲುಗಳಿಂದ ಬರುತ್ತದೆ. ಏಕೆ ಹಾಗೆ ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ. ಅದಕ್ಕೂ ಮುಂಚೆ ಆಗಲೇಬೇಕಾದ ಎರಡು ಕೆಲಸಗಳಿವೆ.

ಮೊದಲನೆಯದು ಕಿವಿಯ ಪರೀಕ್ಷೆ. ‘ಹಾಡು ಗುನುಗುತ್ತಾನಲ್ಲ, ಕಿವಿ ಸರಿಯಿದ್ದೇ ಇರುತ್ತದೆ’ ಎಂದು ತಂದೆತಾಯಿಗಳು ಹೇಳುವುದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದು ತಪ್ಪು ತರ್ಕ. ಹಾಡಿನ ಧಾಟಿ ಸ್ವರಗಳ ಮೇಲೆ, ಅಂದರೆ ಆ, ಈ, ಊ ಮುಂತಾದ ಗಟ್ಟಿ ಧ್ವನಿಗಳ ಮೇಲೆ ನಿಂತಿರುತ್ತದೆ. ಸ, ತ, ಕ, ಪ ಮುಂತಾದ ವ್ಯಂಜನಗಳು ಅವಕ್ಕಿಂತ ಬಹಳ ಕ್ಷೀಣ. ನೆಗಡಿಯಾದಾಗಲೆಲ್ಲ ಕಿವಿಯ ನಡುಭಾಗದಲ್ಲಿ ದ್ರವ ತುಂಬಿಕೊಳ್ಳುವ ಮಗುವಿಗೆ, ಅಥವಾ ಎತ್ತರದ ಧ್ವನಿಗಳು ಮಾತ್ರ ಕೇಳಿಸದ ಮಗುವಿಗೆ, ರಾಗ ಪೂರ್ತಿ ಸಿಗುತ್ತದೆ, ಪದಗಳು ಅರೆಬರೆಯಾಗಿ ಸಿಗುತ್ತವೆ. ಆದ್ದರಿಂದ ಕಿವಿ-ಮೂಗು-ಗಂಟಲಿನ ತಜ್ಞರಿಗೆ ತೋರಿಸಿ, ಆಡಿಯಾಲಜಿಸ್ಟರಿಂದ ಎರಡೂ ಕಿವಿಗಳ ಪರೀಕ್ಷೆ ಮಾಡಿಸಿ. ನಾಲ್ಕು ವರ್ಷದ ಮಗು ಆಟದಂತೆ ಈ ಪರೀಕ್ಷೆಗೆ ಒಪ್ಪಿಕೊಳ್ಳುತ್ತದೆ. ಒಪ್ಪದಿದ್ದರೂ ಮಗುವಿನ ಉತ್ತರ ಬೇಕಿಲ್ಲದ ಯಂತ್ರಪರೀಕ್ಷೆಗಳಿವೆ.

ಎರಡನೆಯದು ವಾಕ್-ಭಾಷಾ ತಜ್ಞರಿಂದ, ಅಂದರೆ ಸ್ಪೀಚ್ ಥೆರಪಿಸ್ಟರಿಂದ, ಪೂರ್ಣ ಮೌಲ್ಯಮಾಪನ. ನಿಮ್ಮ ಅತ್ತೆಯವರ ಮಾತಿನಲ್ಲಿ ಅನುಭವದ ಸತ್ಯವೊಂದಿದೆ: ಎರಡು ವರ್ಷಕ್ಕೆ ಐವತ್ತು ಪದವೂ ಇಲ್ಲದ, ಎರಡು ಪದ ಜೋಡಿಸದ ಮಕ್ಕಳಲ್ಲಿ ಬಹಳ ಮಂದಿ ಮುಂದೆ ತಾವಾಗಿಯೇ ಸರಿಹೋಗುತ್ತಾರೆ. ಆದರೆ ಆ ಕಾಯುವಿಕೆಗೆ ಒಂದು ವಯಸ್ಸಿದೆ, ಅದು ನಿಮ್ಮ ಮಗನಿಗೆ ದಾಟಿದೆ. ನಾಲ್ಕು ದಾಟಿದ ಮಗುವಿನ ಮಾತಿನ ಬಹುಪಾಲು ಅಪರಿಚಿತರಿಗೂ ತಿಳಿಯಬೇಕು. ‘ಅಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂಬುದು ಸಮಾಧಾನದ ಮಾತಿನಂತೆ ಕೇಳಿದರೂ ವಾಕ್-ಭಾಷಾ ತಜ್ಞರಾದ ನಮಗೆ ಅದು ಇನ್ನಷ್ಟು ಗಮನವಿಟ್ಟು ನೋಡಬೇಕೆಂಬ ಸೂಚನೆ, ಏಕೆಂದರೆ ಭಾಷೆಯ ತೊಂದರೆಗಳು ಕುಟುಂಬಗಳಲ್ಲಿ ಹರಿದು ಬರುತ್ತವೆ. ಕಿವಿ ಸರಿಯಿದ್ದು, ಬುದ್ಧಿ ಚುರುಕಾಗಿದ್ದು, ಬೇರೆ ಕಾರಣ ಕಾಣದಿದ್ದರೂ ಭಾಷೆ ಮಾತ್ರ ಹಿಂದುಳಿಯುವ ಸ್ಥಿತಿಯನ್ನು ಬೆಳವಣಿಗೆಯ ಭಾಷಾ ತೊಂದರೆ ಎನ್ನುತ್ತಾರೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ನಡೆದ ದೊಡ್ಡ ಸಮೀಕ್ಷೆಗಳಲ್ಲಿ ಶಾಲೆಗೆ ಸೇರುವ ವಯಸ್ಸಿನ ಪ್ರತಿ 100 ಮಕ್ಕಳಲ್ಲಿ ಸುಮಾರು 7 ಮಂದಿಗೆ ಅದು ಇರುವುದು ಕಂಡಿದೆ. ಇದು ಸೋಮಾರಿತನವಲ್ಲ, ತಾಯಿಯ ತಪ್ಪೂ ಅಲ್ಲ. ಜೊತೆಗೆ ಇನ್ನೊಂದನ್ನು ಗಮನಿಸಿ: ಇಡೀ ಹಾಡನ್ನು ಒಪ್ಪಿಸುವ ಮಗು ಹೆಸರು ಕರೆದರೆ ತಿರುಗಿ ನೋಡುವುದಿಲ್ಲವೆಂದರೆ, ಬೇಕಾದದ್ದನ್ನು ಬೆರಳಿಟ್ಟು ತೋರಿಸುವುದಿಲ್ಲವೆಂದರೆ, ಹಾಡಿದ್ದನ್ನೇ ಗಂಟೆಗಟ್ಟಲೆ ತನ್ನಷ್ಟಕ್ಕೆ ಹಾಡಿಕೊಳ್ಳುತ್ತದೆಂದರೆ ಆಟಿಸಂ ಇದೆಯೇ ಎಂದೂ ನೋಡಬೇಕಾಗುತ್ತದೆ. ನಿಮ್ಮ ಪತ್ರದಲ್ಲಿ ಅಂಥ ಲಕ್ಷಣಗಳ ಮಾತಿಲ್ಲ. ಆದರೂ ತಜ್ಞರು ಕೇಳಿದಾಗ ಇದ್ದದ್ದನ್ನು ಇದ್ದಂತೆ ಹೇಳಿ.

ಇವೆಲ್ಲಕ್ಕೆ ಮೈಸೂರಿಗೇ ಹೋಗಬೇಕೆಂದಿಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸದಲ್ಲಿದೆ, ಅಲ್ಲಿ ಕಲಿತವರು ನಾಡಿನ ಎಲ್ಲ ದೊಡ್ಡ ಊರುಗಳಲ್ಲಿದ್ದಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಾತು ತಡವಾಗುವುದೂ, ಶ್ರವಣದೋಷವೂ ಪತ್ತೆ ಮಾಡಬೇಕಾದ ಸ್ಥಿತಿಗಳ ಪಟ್ಟಿಯಲ್ಲಿವೆ. ನಿಮ್ಮ ಓಣಿಯ ಅಂಗನವಾಡಿಯಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿದರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ದಾರಿ ತೋರಿಸುತ್ತಾರೆ. ಖಾಸಗಿಯಾಗಿ ಹೋಗುವುದಾದರೆ ಆ ತಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದ್ದಾರೆಯೇ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಈಗ ಸಂಗೀತದ ವಿಷಯ. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು, ಹಾಡಿನಲ್ಲಿ ಬರುವ ಪದ ಮಾತಿನಲ್ಲಿ ಏಕೆ ಬರುವುದಿಲ್ಲ ಎಂಬುದು. ಹಾಡು ಮಗುವಿನ ನೆನಪಿನಲ್ಲಿ ಒಂದೊಂದು ಪದವಾಗಿ ಕೂಡುವುದಿಲ್ಲ, ಇಡಿಯಾಗಿ ಒಂದು ಗಂಟಾಗಿ ಕೂಡುತ್ತದೆ. ಗಂಟಿನ ಒಂದು ತುದಿ ಎಳೆದರೆ ಉಳಿದದ್ದೆಲ್ಲ ಸರಸರನೆ ಬಿಚ್ಚಿಕೊಳ್ಳುತ್ತದೆ, ಒಳಗೆ ಏನಿದೆ ಎಂದು ನೋಡುವ ಅಗತ್ಯವೇ ಬೀಳುವುದಿಲ್ಲ. ನನ್ನಲ್ಲಿಗೆ ಬರುತ್ತಿದ್ದ ಐದು ವರ್ಷದ ಹುಡುಗಿಯೊಬ್ಬಳು ಶಾಲೆಯ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಡುತ್ತಿದ್ದಳು. ನಡುವಿನಿಂದ ಶುರುಮಾಡು ಎಂದರೆ ಅವಳಿಗೆ ಆಗುತ್ತಿರಲಿಲ್ಲ, ಅದರಲ್ಲಿ ಬರುವ ಒಂದು ಪದವನ್ನು ಬೇರೆಯಾಗಿ ಹೇಳಿದರೆ ಅದು ಅವಳಿಗೆ ಹೊಸ ಪದವೇ ಆಗಿರುತ್ತಿತ್ತು. ಅಂದರೆ ಹಾಡುವುದು ಒಂದು ಸಾಮರ್ಥ್ಯ, ಹಾಡಿನೊಳಗಿನ ಭಾಷೆಯನ್ನು ಬಳಸುವುದು ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ ಸೇತುವೆ ತಾನಾಗಿ ಏಳುವುದಿಲ್ಲ, ಅದನ್ನು ದೊಡ್ಡವರು ಕಟ್ಟಬೇಕು.

ಕಟ್ಟಲು ಬೇಕಾದ ಸಾಮಗ್ರಿ ಮಾತ್ರ ಹಾಡಿನಲ್ಲಿ ಧಾರಾಳವಾಗಿದೆ, ಮುಖ್ಯವಾಗಿ ಲಯದಲ್ಲಿ. ನಾವು ಮಾತಾಡುವಾಗ ಸೆಕೆಂಡಿಗೆ ಸುಮಾರು ನಾಲ್ಕೈದು ಅಕ್ಷರಗಳು ಹೊರಬರುತ್ತವೆ. ಕೇಳುವ ಮಿದುಳು ಆ ಏರಿಳಿತದ ಜಾಡಿಗೆ ತನ್ನನ್ನು ಹೊಂದಿಸಿಕೊಂಡು, ಎಲ್ಲಿ ಒಂದು ಅಕ್ಷರ ಮುಗಿಯಿತು, ಎಲ್ಲಿ ಪದ ಶುರುವಾಯಿತು ಎಂದು ಗುರುತಿಸುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಉಷಾ ಗೋಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಭಾಷೆಯ ತೊಂದರೆಯಿರುವ ಮಕ್ಕಳಿಗೆ ತಾಳಕ್ಕೆ ಸರಿಯಾಗಿ ಬೆರಳು ತಟ್ಟುವುದೂ ಕಷ್ಟ ಎಂಬುದನ್ನು ತೋರಿಸಿದ್ದಾರೆ. ಅಕ್ಷರದ ಧ್ವನಿ ಏರುವ ಆ ಕ್ಷಣವನ್ನು ಹಿಡಿಯುವುದರಲ್ಲೇ ಅವರಿಗೆ ತೊಡಕಿದೆ ಎಂಬುದು ಗೋಸ್ವಾಮಿಯವರ ವಾದ. ಫ್ರಾನ್ಸಿನಲ್ಲಿ 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ನನಗೆ ಇನ್ನೂ ಕುತೂಹಲಕರವಾಗಿ ಕಾಣುತ್ತದೆ. ಭಾಷೆಯ ತೊಂದರೆಯಿರುವ ಮಕ್ಕಳಿಗೆ ಅರ್ಧ ನಿಮಿಷದಷ್ಟು ಹೊತ್ತು ಕ್ರಮಬದ್ಧವಾದ ಲಯವನ್ನು ಕೇಳಿಸಿ, ಆಮೇಲೆ ವಾಕ್ಯಗಳನ್ನು ಹೇಳಿ, ಯಾವುದು ಸರಿ, ಯಾವುದು ತಪ್ಪು ಎಂದು ಕೇಳಿದಾಗ, ಅಡ್ಡಾದಿಡ್ಡಿ ಲಯ ಕೇಳಿದ ನಂತರಕ್ಕಿಂತ ಚೆನ್ನಾಗಿ ಗುರುತಿಸಿದರು. ಮದ್ದಿನಂತೆ ಶಾಶ್ವತವಾಗಿ ವಾಸಿಯಾಯಿತು ಎಂದು ಇದರ ಅರ್ಥವಲ್ಲ. ಲಯದ ಕಿವಿಗೂ ವ್ಯಾಕರಣದ ಕಿವಿಗೂ ಒಳದಾರಿ ಇದೆ ಎಂದಷ್ಟೇ ಅರ್ಥ.

ಹಾಗಾದರೆ ಸಂಗೀತದ ತರಗತಿಗೆ ಹೋದ ಮಕ್ಕಳ ಭಾಷೆ ನಿಜವಾಗಿ ಬೆಳೆದಿದೆಯೇ? ಇಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಜರ್ಮನಿಯಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐದಾರು ವರ್ಷದ ಮಕ್ಕಳಿಗೆ ದಿನಕ್ಕೆ 10 ನಿಮಿಷದಂತೆ 20 ವಾರ ಸಂಗೀತದ ಚಟುವಟಿಕೆ ಮಾಡಿಸಿದಾಗ, ಪದಗಳನ್ನು ಧ್ವನಿಗಳಾಗಿ ಒಡೆದು ನೋಡುವ ಅವರ ಶಕ್ತಿ ಹೆಚ್ಚಿತು. ಅದರ ಬದಲು ಆಟೋಟ ಮಾಡಿಸಿದ ಗುಂಪಿನಲ್ಲಿ ಹಾಗಾಗಲಿಲ್ಲ. ಹೆಲ್ಸಿಂಕಿಯಲ್ಲಿ 66 ಮಕ್ಕಳನ್ನು ಎರಡು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸಂಗೀತದ ಆಟದಮನೆಗೆ ಹೋದವರಲ್ಲಿ ಮಾತಿನ ಧ್ವನಿಗಳನ್ನು ಗುರುತಿಸುವ ಶಕ್ತಿಯೂ ಪದಸಂಪತ್ತೂ ಹೆಚ್ಚಿದ್ದವು. ಆದರೆ ಇವರೆಲ್ಲ ಸಾಮಾನ್ಯವಾಗಿ ಬೆಳೆಯುತ್ತಿದ್ದ ಮಕ್ಕಳು. ಇನ್ನೊಂದೆಡೆ 2020ರಲ್ಲಿ ಇಬ್ಬರು ಸಂಶೋಧಕರು 54 ಅಧ್ಯಯನಗಳನ್ನು, ಸುಮಾರು 7000 ಮಕ್ಕಳ ಮಾಹಿತಿಯನ್ನು ಒಟ್ಟಿಗೆ ತೂಗಿ ನೋಡಿ, ಪ್ರಯೋಗ ಬಿಗಿಯಾದಷ್ಟೂ ಸಂಗೀತಶಿಕ್ಷಣದಿಂದ ಬುದ್ಧಿಗೂ ಓದಿಗೂ ಆಗುವ ಲಾಭ ಸೊನ್ನೆಗೆ ಹತ್ತಿರವಾಗುತ್ತದೆ ಎಂದರು. ಈ ಎರಡನ್ನೂ ನಾನು ನಂಬುತ್ತೇನೆ, ಏಕೆಂದರೆ ಇವು ಪರಸ್ಪರ ಹೊಡೆದಾಡುವ ಮಾತುಗಳಲ್ಲ. ಸಂಗೀತ ಕಲಿತ ಮಾತ್ರಕ್ಕೆ ಬೇರೆಲ್ಲವೂ ಬಂದುಬಿಡುವುದಿಲ್ಲ. ಕಿವಿ, ಲಯ, ಪದ ಇವು ಸೇರುವ ಕಿರಿದಾದ ಜಾಗದಲ್ಲಿ, ಅದಕ್ಕೆಂದೇ ಮಾಡಿದ ಚಟುವಟಿಕೆಯಿಂದ ಲಾಭ ಇದೆ. 1993ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ, ಹತ್ತು ಹದಿನೈದು ನಿಮಿಷ ಮಾತ್ರ ಉಳಿದ ಸಣ್ಣ ಪರಿಣಾಮವೊಂದನ್ನು ಹಿಡಿದು ‘ಮೊಜಾರ್ಟ್ ಕೇಳಿಸಿದರೆ ಮಗು ಜಾಣವಾಗುತ್ತದೆ’ ಎಂದು ಕ್ಯಾಸೆಟ್ಟು, ಸಿಡಿ ಮಾರಿದವರ ಕತೆ ನಿಮಗೆ ಗೊತ್ತಿರಬಹುದು. ನಮ್ಮಲ್ಲೂ ಈಗ ಇಂಥಿಂಥ ರಾಗ ಕೇಳಿಸಿದರೆ ಮಾತು ಬರುತ್ತದೆ ಎನ್ನುವವರಿದ್ದಾರೆ. ಸುಮ್ಮನೆ ಕೇಳಿಸುವುದರಿಂದ ಮಾತು ಬರುವುದಿಲ್ಲ.

ಮೇಲೆ ಹೇಳಿದ ಪ್ರಯೋಗಗಳು ಇಂಗ್ಲಿಷ್, ಫ್ರೆಂಚ್, ಜರ್ಮನ್, ಫಿನ್ನಿಶ್ ಮುಂತಾದ ಬೇರೆ ಭಾಷೆಗಳ ಮಕ್ಕಳವು. ಕನ್ನಡದ ಮಗುವಿಗೆ ಹಾಡು ಎಲ್ಲಿ ನೆರವಾಗುತ್ತದೆ ಎಂದು ತಿಳಿಯಲು ಕನ್ನಡವನ್ನೇ ನೋಡಬೇಕು. ನನ್ನ ಉತ್ತರದ ಮುಖ್ಯ ಭಾಗ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಕನ್ನಡದಲ್ಲಿ ವ್ಯಾಕರಣ ಇರುವುದು ಪದದ ಬಾಲದಲ್ಲಿ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ. ಬಂದನು, ಬಂದಳು, ಬಂತು, ಬಂದರು. ಯಾರು, ಎಲ್ಲಿ, ಎಲ್ಲಿಂದ, ಎಷ್ಟು ಮಂದಿ ಎಂಬುದೆಲ್ಲ ಕೊನೆಯ ಒಂದೆರಡು ಅಕ್ಷರಗಳಲ್ಲಿ ಅಡಗಿದೆ. ಆದರೆ ದಿನದ ಮಾತಿನಲ್ಲಿ ನಾವು ನುಂಗುವುದೂ ಆ ಬಾಲವನ್ನೇ. ವೇಗವಾಗಿ ಆಡುವಾಗ ಪದದ ತಲೆಗೆ ಒತ್ತು ಬಿದ್ದು ಬಾಲ ಮೆತ್ತಗಾಗಿ ಮುಂದಿನ ಪದದೊಳಗೆ ಕರಗಿಹೋಗುತ್ತದೆ. ಸಾಮಾನ್ಯ ಮಗು ಆ ಕರಗಿದ್ದನ್ನೂ ಹೆಕ್ಕಿಕೊಳ್ಳುತ್ತದೆ. ನಿಮ್ಮ ಮಗನಂಥವರಿಗೆ ಅದು ಸಿಗುವುದಿಲ್ಲ. ಅವನು ಹೇಳಿದ ‘ಅಜ್ಜಿ ಮನಿ ಹೋಗು’ ಎಂಬುದನ್ನು ಮತ್ತೊಮ್ಮೆ ನೋಡಿ: ಮೂರೂ ಪದಗಳ ತಲೆಗಳಿವೆ, ಒಂದರ ಬಾಲವೂ ಇಲ್ಲ.

ಹಾಡಿನಲ್ಲಿ ಇದು ತಲೆಕೆಳಗಾಗುತ್ತದೆ. ಸಾಲು ಮುಗಿಯುವಲ್ಲಿ ಧ್ವನಿ ನಿಲ್ಲುತ್ತದೆ, ಕೊನೆಯ ಅಕ್ಷರ ಎಳೆಯುತ್ತದೆ, ತಾಳದ ಪೆಟ್ಟು ಅಲ್ಲೇ ಬೀಳುತ್ತದೆ, ಅಂತ್ಯಪ್ರಾಸ ಅದನ್ನು ಮತ್ತೆ ಮತ್ತೆ ಕಿವಿಗೆ ತರುತ್ತದೆ. ಮಾತಿನಲ್ಲಿ ಅತ್ಯಂತ ಕ್ಷೀಣವಾಗಿದ್ದ ಪ್ರತ್ಯಯ ಹಾಡಿನಲ್ಲಿ ಅತ್ಯಂತ ಗಟ್ಟಿಯಾಗಿ ಕೇಳುವ ಜಾಗಕ್ಕೆ ಬಂದು ಕೂರುತ್ತದೆ. ಕ್ರಿಯಾಪದ ವಾಕ್ಯದ ಕೊನೆಗೇ ಬರುವ ಭಾಷೆಯಾದ್ದರಿಂದ ಗಂಡು, ಹೆಣ್ಣು, ಬಹುವಚನದ ಗುರುತುಗಳೂ ಸಾಲಿನ ತುದಿಗೇ ಬೀಳುತ್ತವೆ. ಇದು ನಮ್ಮ ಭಾಷೆ ನಮಗೆ ಪುಕ್ಕಟೆಯಾಗಿ ಕೊಟ್ಟಿರುವ ಅನುಕೂಲ. ಇಷ್ಟು ದಿನ ನಮ್ಮ ಚಿಕಿತ್ಸಾ ಕೋಣೆಗಳಲ್ಲಿ ಇಂಗ್ಲಿಷ್ ಪ್ರಾಸಗಳನ್ನು ಹಿಡಿದು ಗುದ್ದಾಡಿದ್ದಕ್ಕೆ ನನ್ನನ್ನೂ ಸೇರಿಸಿ ನಾವೆಲ್ಲ ಸ್ವಲ್ಪ ನಾಚಿಕೊಳ್ಳಬೇಕು.

ಆದ್ದರಿಂದ ಹಾಡನ್ನು ನೀವೇ ಕಟ್ಟಿ. ಕವಿಯಾಗಬೇಕಿಲ್ಲ. ಪುಸ್ತಕದ ಕನ್ನಡವೂ ಬೇಡ; ನಿಮ್ಮ ಮನೆಯಲ್ಲಿ ‘ಮನೆಯಲ್ಲಿ’ ಎನ್ನುವವರು ಯಾರೂ ಇಲ್ಲ, ‘ಮನ್ಯಾಗ’ ಎನ್ನುತ್ತೀರಿ, ಮಗು ಹಿಡಿಯಬೇಕಾದದ್ದೂ ಅದನ್ನೇ. ‘ಅಜ್ಜಿ ಎಲ್ಲಿ? ಮನ್ಯಾಗ. ಅಜ್ಜ ಎಲ್ಲಿ? ಹೊಲದಾಗ. ರೊಟ್ಟಿ ಎಲ್ಲಿ? ಬುಟ್ಟ್ಯಾಗ. ನೀರು ಎಲ್ಲಿ? ಕೊಡದಾಗ.’ ಮಗುವಿಗೆ ಈಗಾಗಲೇ ಗೊತ್ತಿರುವ ಯಾವುದಾದರೂ ಧಾಟಿಗೆ ಇದನ್ನು ಕೂಡಿಸಿ, ಅವನು ನಡೆಯುವ ವೇಗದಲ್ಲಿ, ಕೈತಟ್ಟಿ ಹಾಡಿ. ರೊಟ್ಟಿ ಬುಟ್ಟಿಯನ್ನು ಮುಟ್ಟಿ ತೋರಿಸುತ್ತ ಹಾಡಿ. ಒಂದು ವಾರ, ಬೇಕಾದರೆ ಎರಡು ವಾರ, ಇದೊಂದೇ ಹಾಡು. ನಿಮಗೆ ಬೇಸರ ಬರುತ್ತದೆ, ಅವನಿಗೆ ಬರುವುದಿಲ್ಲ.

ಅವನಿಗೆ ಹಾಡು ಪರಿಚಯವಾದ ಮೇಲೆ ಅಸಲು ಕೆಲಸ ಶುರು. ‘ರೊಟ್ಟಿ ಎಲ್ಲಿ? ಬು...’ ಎಂದು ಹಾಡಿ ನಿಲ್ಲಿಸಿಬಿಡಿ. ಮುಖ ನೋಡಿ, ಹುಬ್ಬೇರಿಸಿ, ಮನಸ್ಸಿನಲ್ಲೇ ಐದು ಎಣಿಸಿ. ಐದು ಎಣಿಸುವುದು ಎಷ್ಟು ದೀರ್ಘ ಎಂಬುದು ಮಾಡಿ ನೋಡಿದವರಿಗೇ ಗೊತ್ತು. ಹೆಚ್ಚಿನ ತಾಯಂದಿರು ಎರಡಕ್ಕೇ ಸೋತು ತಾವೇ ಹೇಳಿಬಿಡುತ್ತಾರೆ. ತಾಳ ನಿಂತು, ಸಾಲು ಅರ್ಧದಲ್ಲಿ ತೂಗಾಡುತ್ತಿರುವಾಗ ಅದನ್ನು ಪೂರ್ಣ ಮಾಡಬೇಕೆಂಬ ಒತ್ತಡ ಮಗುವಿನ ಒಳಗಿನಿಂದಲೇ ಏಳುತ್ತದೆ. ‘ಹೇಳು, ಹೇಳು’ ಎಂದು ಹೊರಗಿನಿಂದ ಒತ್ತುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಅವನು ‘ಬುಟ್ಟಾ’ ಎಂದರೂ ಸರಿ, ‘ಆಗ’ ಎಂದರೂ ಸರಿ, ‘ಹೌದು, ಬುಟ್ಟ್ಯಾಗ!’ ಎಂದು ಪೂರ್ಣರೂಪವನ್ನು ಹಾಡಿ ಮುಂದೆ ಹೋಗಿ. ತಪ್ಪು ಎಂದು ಹೇಳಬೇಡಿ, ಮತ್ತೆ ಹೇಳಿಸಬೇಡಿ.

ಬಾಲವನ್ನು ಹಿಡಿದ ಮೇಲೆ ಅದನ್ನು ಬದಲಿಸಿ. ‘ಅಜ್ಜ ಎಲ್ಲಿಗೆ? ಹೊಲಕ್ಕ. ಅವ್ವ ಎಲ್ಲಿಗೆ? ಸಂತಿಗೆ.’ ಸಂಜೆ ಅಜ್ಜ ತಿರುಗಿ ಬಂದಾಗ ‘ಅಜ್ಜ ಎಲ್ಲಿಂದ? ಹೊಲದಿಂದ.’ ಆಮೇಲೆ ಬಾಗಿಲ ಬಳಿ ನಿಂತು ಆಡುವ ಹಾಡು: ‘ಅಪ್ಪ ಬಂದಾನ, ಅಕ್ಕ ಬಂದಾಳ, ಬಸ್ಸು ಬಂದೈತಿ, ಅಜ್ಜಾರು ಬಂದಾರ.’ ಬೇಕೆಂದೇ ‘ಬಸ್ಸು ಬಂದಾಳ’ ಎಂದು ತಪ್ಪು ಹಾಡಿ ನೋಡಿ. ಅವನು ನಕ್ಕರೆ ಆ ಪ್ರತ್ಯಯ ಅವನ ಕಿವಿಗೆ ಬಿದ್ದಿದೆ ಎಂದು ತಿಳಿಯಿರಿ. ಬಾಯಿಗೆ ಬರುವುದು ಅದರ ನಂತರ.

ಕೊನೆಯ ಹೆಜ್ಜೆಯನ್ನು ಬಹಳ ಮಂದಿ ಮರೆಯುತ್ತಾರೆ. ಹಾಡಿನಲ್ಲಿ ಬಂದದ್ದನ್ನು ಮಾತಿಗೆ ಇಳಿಸಬೇಕು. ಮೊದಲು ರಾಗ ಬಿಟ್ಟು ತಾಳ ಮಾತ್ರ ಇಟ್ಟು ಪದ್ಯದಂತೆ ಹೇಳಿ, ಮುಂದೆ ತಾಳವನ್ನೂ ಬಿಟ್ಟು ಮಾತಿನಂತೆ ಕೇಳಿ: ಊಟಕ್ಕೆ ಕುಳಿತಾಗ, ಸಹಜ ಧ್ವನಿಯಲ್ಲಿ, ‘ರೊಟ್ಟಿ ಎಲ್ಲದಾವು?’ ಅವನು ಹಾಡಿಯೇ ಉತ್ತರಿಸಿದರೆ ಬೇಡವೆನ್ನಬೇಡಿ. ಕೆಲವು ದಿನ ಹಾಡಿ ಉತ್ತರಿಸಿ, ಒಂದು ದಿನ ಹಾಡದೆ ‘ಬುಟ್ಟ್ಯಾಗ’ ಎಂದುಬಿಡುತ್ತಾನೆ. ನಾವು ಕಾಯುವುದು ಆ ಒಂದು ದಿನಕ್ಕೆ.

ಇದಕ್ಕೆ ಹೊಂದಿದ ಇನ್ನೊಂದು ಆಟ ಲಘು-ಗುರುಗಳದು. ಶಾಲೆಯಲ್ಲಿ ಛಂದಸ್ಸಿನ ಪಾಠದಲ್ಲಿ ನಾವೆಲ್ಲ ಬೈದುಕೊಂಡು ಕಲಿತ ವಿಷಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕನ್ನಡದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಅರ್ಥವೇ ಬೇರೆ: ಕತೆ ಹೇಳುತ್ತೇವೆ, ಕತ್ತೆ ಒದೆಯುತ್ತದೆ, ಬಲ ತೋಳಿನಲ್ಲಿದೆ, ಬಾಲ ನಾಯಿಗಿದೆ, ರೈಲಿಗೆ ಹಳಿ, ಜನಕ್ಕೆ ಹಳ್ಳಿ. ಭಾಷೆಯ ತೊಂದರೆಯಿರುವ ಎಷ್ಟೋ ಮಕ್ಕಳು ಈ ಅಂತರವನ್ನು ಸರಿಯಾಗಿ ಹಿಡಿಯುವುದಿಲ್ಲ. ಲಘುವಿಗೆ ಒಂದು ಚಿಟಿಕೆ, ಗುರುವಿಗೆ ತೊಡೆಯ ಮೇಲೆ ಒಂದು ಎಳೆದ ತಟ್ಟು ಎಂದು ಇಟ್ಟುಕೊಂಡು, ಚಿತ್ರ ತೋರಿಸುತ್ತ ಈ ಜೋಡಿಗಳನ್ನು ಆಡಿಸಿ. ಪದವನ್ನು ಇಂಗ್ಲಿಷ್ ಶಾಲೆಗಳ ಕ್ರಮದಲ್ಲಿ ಬಿಡಿ ವ್ಯಂಜನ, ಬಿಡಿ ಸ್ವರವಾಗಿ ಒಡೆಯಲು ಈಗ ಹೋಗಬೇಡಿ. ಕನ್ನಡ ಓದಲು ಕಲಿಯುವ ಮಕ್ಕಳಲ್ಲಿ ಅಂಥ ಬಿಡಿಧ್ವನಿಯ ಅರಿವು ಅಕ್ಷರದ ಅರಿವಿಗಿಂತ ತಡವಾಗಿ, ನಿಧಾನವಾಗಿ ಬರುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಕೆಲಸ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲೇ ತೋರಿಸಿದ್ದಾರೆ. ನಾಲ್ಕು ವರ್ಷದವನಿಗೆ ಅಕ್ಷರಕ್ಕೊಂದು ತಟ್ಟು ಸಾಕು.

ಇನ್ನು ನಿಮ್ಮ ಓಣಿಯ ಗುರುಗಳು. ಧಾರವಾಡದಲ್ಲಿದ್ದು ಮಗುವಿಗೆ ಹಿಂದುಸ್ತಾನಿ ಬೇಡವೆನ್ನುವ ಧೈರ್ಯ ನನಗಿಲ್ಲ. ಮಲ್ಲಿಕಾರ್ಜುನ ಮನಸೂರರು ಬಾಳಿದ ಊರು ಅದು. ಗುರು ಹಾಡುವುದು, ಮಗು ಕೇಳಿಸಿಕೊಂಡು ತಿರುಗಿ ಹಾಡುವುದು, ಮತ್ತೆ ಗುರು ಹಾಡುವುದು, ಈ ಸರದಿಯ ಶಿಸ್ತೇ ಸಂಭಾಷಣೆಯ ಶಿಸ್ತು. ಸಾ ಹಿಡಿದು ನಿಲ್ಲುವುದರಲ್ಲಿ ಉಸಿರಿನ ಹತೋಟಿ ಇದೆ, ಸ್ವರಗಳನ್ನು ಬೇರೆ ಬೇರೆ ಕ್ರಮದಲ್ಲಿ ಹಾಡುವ ಪಲ್ಟಾಗಳಲ್ಲಿ ಕ್ರಮವನ್ನು ನೆನಪಿಡುವ ಅಭ್ಯಾಸವಿದೆ. ತಬಲಾದ ಬೋಲುಗಳನ್ನು, ಅಂದರೆ ಪೆಟ್ಟುಗಳನ್ನು ಸೂಚಿಸುವ ಅಕ್ಷರಗಳನ್ನು, ಬಾಯಲ್ಲಿ ಹೇಳಿಸುವುದು ಇನ್ನೂ ಸೊಗಸು. ನಾಲಿಗೆಯ ಚುರುಕನ್ನು ಅಳೆಯಲು ನಾವು ಮಕ್ಕಳಿಂದ ‘ಪಟಕ ಪಟಕ ಪಟಕ’ ಎಂದು ಹೇಳಿಸುತ್ತೇವೆ. ತಬಲಾ ಕಲಿಯುವವನು ‘ತಿರಕಿಟ’ ಎನ್ನುವಾಗ ನಾಲಿಗೆಯ ತುದಿಯಿಂದ ಹಿಂಭಾಗಕ್ಕೆ, ಹಿಂಭಾಗದಿಂದ ತುದಿಗೆ ಅಂಥದೇ ಓಟ ನಡೆಯುತ್ತದೆ. ಆದರೆ ಸರಿಗಮಕ್ಕೂ ತಿರಕಿಟಕ್ಕೂ ಅರ್ಥವಿಲ್ಲ, ಬಾಲವಿಲ್ಲ, ಗಂಡು-ಹೆಣ್ಣಿಲ್ಲ. ಅವು ಕಿವಿಯನ್ನೂ ನಾಲಿಗೆಯನ್ನೂ ಹದ ಮಾಡುತ್ತವೆಯೇ ಹೊರತು ವಾಕ್ಯ ಕಟ್ಟುವುದನ್ನು ಕಲಿಸುವುದಿಲ್ಲ. ಎರಡು ವರ್ಷ ಹಾರ್ಮೋನಿಯಂ ಮುಂದೆ ಕುಳಿತು ಏನೂ ಕಲಿಯದೆ ಎದ್ದುಬಂದ ನನ್ನ ಅನುಭವದಿಂದ ಇನ್ನೊಂದು ಮಾತು ಸೇರಿಸುತ್ತೇನೆ: ಕೂರಲಾರದ ಮಗುವನ್ನು ಕೂರಿಸಿ ಸಾ ಹಿಡಿಸಿದರೆ ಸಂಗೀತವೂ ಹೋಗುತ್ತದೆ, ಗುರುಗಳ ತಾಳ್ಮೆಯೂ ಹೋಗುತ್ತದೆ.

ಹೀಗಾಗಿ ಗುರುಗಳ ಬಳಿ ನೀವೇ ಹೋಗಿ, ಮಗುವಿನ ಸ್ಥಿತಿಯನ್ನು ಮುಚ್ಚಿಡದೆ ಹೇಳಿ. ಪರೀಕ್ಷೆ, ವೇದಿಕೆ ಯಾವುದೂ ಬೇಡ, ವಾರಕ್ಕೆರಡು ಸಲ ಅರ್ಧ ಗಂಟೆ, ಮೂರು ನಾಲ್ಕು ಮಕ್ಕಳ ಗುಂಪಿನಲ್ಲಿ, ಕೆಹರ್ವಾ ಅಥವಾ ದಾದರಾ ತಾಳಕ್ಕೆ ಕೈತಟ್ಟಿ ಹೆಜ್ಜೆ ಹಾಕುತ್ತ ಸಣ್ಣ ಕನ್ನಡ ಹಾಡುಗಳನ್ನು ಹಾಡಿಸುವುದು ಸಾಧ್ಯವೇ ಎಂದು ಕೇಳಿ. ಎಂಟು ಮಾತ್ರೆ, ಆರು ಮಾತ್ರೆಗಳ ಈ ತಾಳಗಳು ಮಕ್ಕಳ ಮೈಗೆ ಬೇಗ ಒಗ್ಗುತ್ತವೆ. ಶ್ರುತಿ ಮಗುವಿನ ಕಂಠಕ್ಕೆ ಹೊಂದುವಷ್ಟು ಮೇಲಿರಲಿ. ಒಪ್ಪಿದರೆ ಕಳಿಸಿ. ಒಪ್ಪದೆ, ನಮ್ಮಲ್ಲಿ ಕ್ರಮಪ್ರಕಾರವೇ ಪಾಠ ಎಂದರೆ ಅದೂ ಅವರ ಮಟ್ಟಿಗೆ ನ್ಯಾಯವೇ. ಎರಡು ವರ್ಷ ಬಿಟ್ಟು ಕಳಿಸಿ. ಹಣವೋ ಸಮಯವೋ ಒಂದಕ್ಕೇ ಸಾಲುತ್ತದೆ ಎಂದಾದರೆ ಸ್ಪೀಚ್ ಥೆರಪಿಗೆ ಕೊಡಿ, ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಶಾಲೆಯವರ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಎರಡು ಭಾಷೆ ಕೇಳುವುದರಿಂದ ಭಾಷೆಯ ತೊಂದರೆ ಹುಟ್ಟುವುದಿಲ್ಲ, ಒಂದನ್ನು ಕಿತ್ತುಹಾಕಿದರೆ ಅದು ವಾಸಿಯಾಗುವುದೂ ಇಲ್ಲ. ನಿಮಗೆ, ಅಜ್ಜಿಗೆ ಸಲೀಸಾಗಿ ಬರುವ ಭಾಷೆಯಲ್ಲಿಯೇ ಮಗುವಿಗೆ ಸಿಗುವ ಮಾತಿನ ರಾಶಿ, ತಮಾಷೆ, ಬೈಗುಳ, ಲಾಲಿ ಎಲ್ಲ ಇವೆ. ಅದನ್ನು ನಿಲ್ಲಿಸಿ ತಡವರಿಸುವ ಇಂಗ್ಲಿಷಿನಲ್ಲಿ ನಾಲ್ಕು ಆಜ್ಞೆ ಕೊಟ್ಟರೆ ಮಗುವಿಗೆ ಉಳಿಯುವುದು ಆ ನಾಲ್ಕು ಆಜ್ಞೆ ಮಾತ್ರ. ಶಾಲೆಯ ಇಂಗ್ಲಿಷ್ ಶಾಲೆಯಲ್ಲಿರಲಿ. ಮೊಬೈಲಿನಲ್ಲಿ ಓಡುವ ಬಣ್ಣಬಣ್ಣದ ಹಾಡುಗಳ ವಿಚಾರವೂ ಹೀಗೇ. ಅವು ವೇಗವಾಗಿವೆ, ಮಗುವಿಗಾಗಿ ಎಲ್ಲೂ ನಿಲ್ಲುವುದಿಲ್ಲ, ಅವನು ಹಾಡಿದನೋ ಬಿಟ್ಟನೋ ಅವಕ್ಕೆ ಗೊತ್ತಾಗುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಹಾಡಿನ ಹೊತ್ತು ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ಇದ್ದರೆ ಸಾಕು, ಅದೂ ಸ್ನಾನ, ಊಟ, ಬಟ್ಟೆ ಮಡಿಸುವ ಕೆಲಸಗಳ ನಡುವೆಯೇ. ಅತ್ತೆಯವರನ್ನೂ ಸೇರಿಸಿಕೊಳ್ಳಿ, ಚಿಂತೆ ಬೇಡ ಎನ್ನುವವರ ಕೈಗೆ ಒಂದು ಕೆಲಸ ಕೊಟ್ಟರೆ ಅವರಷ್ಟು ನಿಷ್ಠೆಯಿಂದ ಮಾಡುವವರಿಲ್ಲ, ಬೀಸುವ ಕುಟ್ಟುವ ಹಾಡುಗಳು ಅವರಿಗೆ ನೆನಪಿದ್ದರೆ ನಿಮಗಿಂತ ಚೆನ್ನಾಗಿಯೇ ಸಾಲು ಕಟ್ಟಿಯಾರು. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ, ಅವನು ಹಾಡದೆ ತಾನಾಗಿ ಆಡಿದ ಮಾತುಗಳನ್ನು ಅವನು ಆಡಿದ ಹಾಗೆಯೇ ವಾರಕ್ಕೆ ಐದಾರು ಬರೆದಿಡಿ. ‘ಅಜ್ಜಿ 
ಮನಿ ಹೋಗು’ ಎಂಬುದು ಮೊದಲ ಪುಟದಲ್ಲಿರಲಿ. ಥೆರಪಿಸ್ಟರ ಮೊದಲ ಭೇಟಿಗೆ ಹೋಗುವಾಗ ಕಿವಿಯ ವರದಿಯ ಜೊತೆ ಆ ಪುಸ್ತಕವನ್ನೂ ಒಯ್ಯಿರಿ, ಮನೆಯಲ್ಲಿ ಯಾವ ಹಾಡು ಹಾಡುತ್ತಿದ್ದೀರಿ ಎಂದು ಹಾಡಿ ತೋರಿಸಿ. ಮುಂದೆ ಯಾವ ಬಾಲವನ್ನು ಹಿಡಿಯಬೇಕು ಎಂಬುದನ್ನು ಅವರು ಅದನ್ನು ನೋಡಿಯೇ ಹೇಳಬಲ್ಲರು.